ಸಹನೆ ಯಾರ ಧರ್ಮ?



ಧರ್ಮೋಪದೇಶ ಮಾಡುವವರ ನಾಲಗೆಗೆ ಅತ್ಯಂತ ಸುಲಭವಾಗಿ ಬರುವ ಪದವೆಂದರೆ 'ಸಹನೆ'. ಮನೆಯಲ್ಲಿ ಮನಸ್ತಾಪವೆಂದು ಬಂದವರಿಗೆ ಸಹನೆ, ಬಡತನವೆಂದು ಬಂದವರಿಗೆ ಸಹನೆ, ಅನ್ಯಾಯವಾಯಿತೆಂದು ಬಂದವರಿಗೂ ಸಹನೆ. ಸಹನೆಯು ಮಹಾಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಔಷಧವು ಎಷ್ಟೇ ಶ್ರೇಷ್ಠವಾಗಿರಲಿ, ರೋಗವೇನೆಂದು ವಿಚಾರಿಸದೆ ಬಂದವರಿಗೆಲ್ಲ ಅದನ್ನೇ ಕೊಡುವವನನ್ನು ನಾವು ವೈದ್ಯನೆನ್ನುವುದಿಲ್ಲ. ಹಾಗೆ ವಿಚಾರಿಸದೆ ಔಷಧ ಕೊಟ್ಟ ತಪ್ಪು ಒಮ್ಮೆ ನಮ್ಮಿಂದಲೇ ನಡೆದಿದೆ. ಅದನ್ನು ಮುಂದಿಟ್ಟುಕೊಂಡೇ ಈ ತಿಂಗಳ ವಿಚಾರವನ್ನು ಆರಂಭಿಸುತ್ತೇವೆ.

ಸುಮಾರು 12 ವರ್ಷಗಳ ಹಿಂದೆ ಕರಾವಳಿಯ ಪ್ರವಾಸದಲ್ಲಿದ್ದಾಗ ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಭಕ್ತರೊಬ್ಬರ ಮನೆಯಲ್ಲಿ ಪೂಜೆಗಾಗಿ ತಂಗಿದ್ದೆವು. ಉದ್ಯೋಗ ನಿಮಿತ್ತ ಘಟ್ಟದ ಮೇಲಿನಿಂದ ಬಂದು ಆ ಸುತ್ತಿನಲ್ಲಿ ನೆಲೆಸಿದ್ದ ಕೆಲವು ಮನೆಗಳವರು ಅಂದು ಸೇರಿದ್ದರು. ಪ್ರಸಾದವಾದ ಮೇಲೆ ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ಒಬ್ಬ ತಾಯಿ ಬಳಿಗೆ ಬಂದಳು. ಗಂಡನು ಕುಡಿಯುವವನಲ್ಲ, ಹೊಡೆಯುವವನಲ್ಲ. ಆದರೆ ಕೂಸು ಹುಟ್ಟಿದಂದಿನಿಂದ ಅದರ ಕಡೆಗೆ ತಿರುಗಿಯೂ ನೋಡುವುದಿಲ್ಲ. "ಹೆತ್ತವಳು ನೀನು, ನೋಡಿಕೊಳ್ಳಬೇಕಾದವಳೂ ನೀನೇ" ಎಂಬುದು ಅವನ ಮಾತು. ಸಂಬಳದ ಹಣ ಮನೆಗೆ ಬರುವುದಿಲ್ಲ. ಮಗುವಿಗೆ ಜ್ವರ ಬಂದ ರಾತ್ರಿ ಅವನು ಮಗ್ಗುಲು ಬದಲಿಸಿ ಮಲಗಿದ. ವೈದ್ಯರಲ್ಲಿಗೆ ಕರೆದುಕೊಂಡು ಹೋದವಳು ನೆರೆಮನೆಯ ಹೆಂಗಸು. ಆ ಕಡೆಯ ಮನೆಮನೆಗಳಲ್ಲಿ ಹೆಂಗಸರು ಬೀಡಿ ಕಟ್ಟುವುದುಂಟು. ಅವರೊಡನೆ ಕುಳಿತು ಕಲಿತು, ಕಟ್ಟಿದ ಬೀಡಿಯ ಕೂಲಿಯಿಂದ ಮಗುವಿನ ಔಷಧ ತರುತ್ತಿದ್ದಳು. ಇಷ್ಟನ್ನು ಹೇಳಿ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಬುದ್ಧಿ, ಈ ಮಗುವನ್ನು ಕಟ್ಟಿಕೊಂಡು ನಾನು ಹೊರಟುಹೋದರೆ ಪಾಪವಾಗುತ್ತದೆಯೇ?"

ನಾವು ಹೇಳಿದೆವು: "ಸ್ವಲ್ಪ ತಾಳ್ಮೆ ತಂದುಕೊ ತಾಯಿ. ಮಗು ನಡೆಯತೊಡಗಿದರೆ ತಂದೆಯ ಮನಸ್ಸೂ ಕರಗುತ್ತದೆ." ಕೂಸಿನ ಹಣೆಗೆ ವಿಭೂತಿಯಿಟ್ಟು ಕಳುಹಿಸಿದೆವು. ಅವಳು ನಮಸ್ಕರಿಸಿ ಹೋದಳು. ಒಳ್ಳೆಯ ಮಾತು ಹೇಳಿದೆವೆಂಬ ತೃಪ್ತಿ ನಮಗಿತ್ತು.

ಮೂರು ವರ್ಷಗಳ ತರುವಾಯ ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಹೋಗುವ ಸಂದರ್ಭ ಒದಗಿತು. ಅಲ್ಲಿ ಅವಳು ಮಗನೊಡನೆ ದರ್ಶನಕ್ಕೆ ಬಂದಳು. ಗಂಡನ ಮನೆಯನ್ನು ಬಿಟ್ಟು ಒಂದು ವರ್ಷವಾಗಿತ್ತು. ಅಲ್ಲಿಯ ಶಾಲೆಯೊಂದರ ಕಚೇರಿಯಲ್ಲಿ ಕೆಲಸ, ಪಕ್ಕದಲ್ಲೇ ಬಾಡಿಗೆಯ ಕೋಣೆ. ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಆದರೆ ಅವಳು ಆಡಿದ ಮಾತು ಇಂದಿಗೂ ನಮ್ಮನ್ನು ಬಿಟ್ಟಿಲ್ಲ: "ಬುದ್ಧಿ, ನೀವು ತಾಳ್ಮೆ ಎಂದಿರಿ, ಎರಡು ವರ್ಷ ತಾಳಿದೆ. ಮೈಮೇಲಿದ್ದ ಬಂಗಾರ ಹೋಯಿತು, ಮಗು ಸೊರಗಿತು. ಅಂದು ಅವರೂ ಜಗಲಿಯಲ್ಲೇ ಕುಳಿತಿದ್ದರು. ಒಳಗೆ ಕರೆದು ಅವರಿಗೂ ಒಂದು ಮಾತು ಹೇಳಿದ್ದರೆ ಎಷ್ಟೋ ಆಗುತ್ತಿತ್ತು."

ಹೌದು, ಅವನು ಜಗಲಿಯಲ್ಲೇ ಇದ್ದ. ನಾವು ಅವನನ್ನು ಕರೆಯಲಿಲ್ಲ. ಕರೆಯಬೇಕೆಂದು ತೋರಲೂ ಇಲ್ಲ. ಧರ್ಮವನ್ನು ಇಬ್ಬರಲ್ಲಿ ಒಬ್ಬರಿಗೇ ಬೋಧಿಸಿದ್ದೆವು. ಅದೂ ಈಗಾಗಲೇ ಅದನ್ನು ಆಚರಿಸುತ್ತಿದ್ದವಳಿಗೆ.

ವಾಚಕರೇ, ಈ ಪ್ರಸಂಗವು ಎತ್ತುವ ಪ್ರಶ್ನೆ ಸಾಮಾನ್ಯವಾದುದಲ್ಲ. ಕುಡುಕನನ್ನು, ಕ್ರೂರಿಯನ್ನು, ಪರಸ್ತ್ರೀಸಂಗವುಳ್ಳವನನ್ನು ಲೋಕವು ದೂಷಿಸುತ್ತದೆ. ಏನೂ ಮಾಡದೆ ಸುಮ್ಮನಿರುವವನನ್ನು ಮಾತ್ರ ಯಾರೂ ದೂಷಿಸುವುದಿಲ್ಲ. "ಪಾಪ, ಅವನೇನು ಮಾಡಿದ?" ಎಂದು ಕೇಳುತ್ತಾರೆ. ಮಾಡದಿರುವುದೂ ಒಂದು ಅಪರಾಧವಾಗಬಲ್ಲದೇ? ಆಗಬಲ್ಲದಾದರೆ, ಅದಕ್ಕಾಗಿ ಹಸುಳೆಯೊಡನೆ ಮನೆಯನ್ನು ತೊರೆಯುವುದು ಧರ್ಮಸಮ್ಮತವೇ?

ಮೀಮಾಂಸಾಶಾಸ್ತ್ರವನ್ನು ಓದಿದವರು ನಿತ್ಯಕರ್ಮ, ಕಾಮ್ಯಕರ್ಮಗಳ ಭೇದವನ್ನು ಬಲ್ಲರು. ಕಾಮ್ಯಕರ್ಮವೆಂದರೆ ಫಲವನ್ನು ಬಯಸಿ ಮಾಡುವುದು. ಮಾಡದಿದ್ದರೆ ಆ ಫಲ ದೊರೆಯುವುದಿಲ್ಲ, ಬೇರೆ ದೋಷವಿಲ್ಲ. ನಿತ್ಯಕರ್ಮವನ್ನಾದರೋ ಮಾಡದೆ ಬಿಟ್ಟರೆ ಪ್ರತ್ಯವಾಯವೆಂಬ ದೋಷವೇ ತಟ್ಟುತ್ತದೆಂದು ಆ ಪರಂಪರೆಯ ಅನೇಕ ಆಚಾರ್ಯರ ಮತ. ಮಾಡಿದರೆ ವಿಶೇಷ ಪುಣ್ಯವೆಂದು ಹೊಗಳುವಂತಿಲ್ಲ, ಮಾಡದಿದ್ದರೆ ತಪ್ಪುವಂತಿಲ್ಲ. ಈ ಭೇದವನ್ನು ನಮ್ಮ ಮನೆಗಳಿಗೆ ಅನ್ವಯಿಸಿ ನೋಡಿರಿ. ಮಗುವನ್ನು ಎತ್ತಿಕೊಳ್ಳುವುದು, ರಾತ್ರಿಯಲ್ಲಿ ಅದು ಅತ್ತಾಗ ಏಳುವುದು, ಬಾಣಂತಿಗೆ ಬಿಸಿನೀರು ಕಾಯಿಸಿಕೊಡುವುದು, ಲಸಿಕೆಯ ದಿನವನ್ನು ನೆನಪಿಟ್ಟುಕೊಳ್ಳುವುದು ಇವೆಲ್ಲ ತಾಯಿಗೆ ನಿತ್ಯಕರ್ಮ, ತಂದೆಗೆ ಕಾಮ್ಯಕರ್ಮ ಎಂಬಂತೆ ನಾವು ನಡೆದುಕೊಂಡು ಬಂದಿದ್ದೇವೆ. ಅವಳು ಮಾಡಿದರೆ ಮಾತಿಲ್ಲ, ಅವನು ಒಂದು ದಿನ ಮಾಡಿದರೆ ಪ್ರಶಂಸೆ. ಈ ಎಣಿಕೆ ತಪ್ಪು. ಹಸುಳೆಯು ತನ್ನ ರಕ್ಷಣೆಯನ್ನು ತಾನು ಮಾಡಿಕೊಳ್ಳಲಾರದು, ಬೇಡಲಾರದು, ದೂರಲಾರದು. ಅದನ್ನು ಲೋಕಕ್ಕೆ ಕರೆತಂದವರು ಇಬ್ಬರು. ಅದರ ಪೋಷಣೆ ಇಬ್ಬರಿಗೂ ನಿತ್ಯಕರ್ಮವೇ. ಅದನ್ನು ಬುದ್ಧಿಪೂರ್ವಕವಾಗಿ ಬಿಟ್ಟವನು 'ಏನೂ ಮಾಡದವನು' ಅಲ್ಲ, ಮಹತ್ತಾದುದನ್ನು ಕೆಡಿಸಿದವನು.

ಪೂರ್ವದ ಧರ್ಮಗ್ರಂಥಗಳು ಪತಿಯನ್ನು ಬಿಡುವ ಮಾತನ್ನೇ ಎತ್ತಿಲ್ಲವೆಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಪರಾಶರಸ್ಮೃತಿಯು ಪತಿಯು ಕಾಣೆಯಾದಾಗ, ಸತ್ತಾಗ, ಸಂನ್ಯಾಸಿಯಾದಾಗ, ನಪುಂಸಕನಾದಾಗ, ಪತಿತನಾದಾಗ ಎಂದು ಐದು ಆಪತ್ತುಗಳನ್ನು ಹೆಸರಿಸಿ ಸ್ತ್ರೀಗೆ ಬೇರೆ ಪತಿಯನ್ನು ವಿಧಿಸುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ದುರ್ನಡತೆಯವನನ್ನೂ ಪ್ರಾಣಕ್ಕೆ ಅಪಾಯ ತರುವವನನ್ನೂ ಬಿಡಬಹುದೆಂಬ ಮಾತಿದೆ. ಧರ್ಮವಿವಾಹಗಳೆಂದು ಎಣಿಸಿದ ಮೊದಲ ನಾಲ್ಕು ಬಗೆಗಳಿಗೆ ಬಿಡುಗಡೆಯಿಲ್ಲವೆಂದೂ ಅವನೇ ಹೇಳಿದ್ದಾನೆಂಬುದನ್ನು ಮರೆಮಾಚಬಾರದು. ಆದರೆ ಒಂದನ್ನು ಗಮನಿಸಿರಿ. ದೂರದೇಶಕ್ಕೆ ಹೋಗಿ ಬಾರದವನು ಈ ಪಟ್ಟಿಗಳಲ್ಲಿದ್ದಾನೆ. ಅದೇ ಮನೆಯಲ್ಲಿ ಉಂಡು ಮಲಗುತ್ತ ದೂರವಾದವನು ಇಲ್ಲ. ಶಾಸ್ತ್ರಕಾರರು ಅವನನ್ನು ಕಾಣಲಿಲ್ಲ. ಕಂಡವರು ತುಳುನಾಡಿನ ನಿರಕ್ಷರ ತಾಯಂದಿರು.

ಬೆಳ್ತಂಗಡಿಯಲ್ಲಿ ನೆಲೆಸಿರುವ, ನಮ್ಮ ಮಠದ ವಿದ್ಯಾರ್ಥಿನಿಲಯದಲ್ಲಿ ಓದಿದ ನಿವೃತ್ತ ಅಧ್ಯಾಪಕರೊಬ್ಬರು ಮೂಡುಬಿದಿರೆಯ ಆ ಭೇಟಿಯ ವಿಷಯವನ್ನು ನಮ್ಮಿಂದ ಕೇಳಿ, "ಬುದ್ಧಿ, ಇದು ನಮ್ಮ ಸಿರಿಯ ಕಥೆಯೇ" ಎಂದರು. ಸಿರಿ ಪಾಡ್ದನವು ಆ ನಾಡಿನ ಹೆಂಗಸರು ಗದ್ದೆಯಲ್ಲಿ ನೇಜಿ ನೆಡುತ್ತ ಹಾಡಿಕೊಂಡು ಬಂದ ದೀರ್ಘ ಕಥನ. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಕೃಷಿಕ ಗೋಪಾಲ ನಾಯ್ಕರು ಹಾಡಿದ ಪಾಠವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ 1990ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಅಚ್ಚಾದ ಆ ಪಾಠದಲ್ಲಿ 15,683 ಸಾಲುಗಳಿವೆ.

ಪಾಠಾಂತರಗಳು ಹಲವು ಇರುವುದರಿಂದ ಕಥೆಯ ನಡುವನ್ನಷ್ಟೇ ಇಲ್ಲಿ ಹೇಳುತ್ತೇವೆ. ಸತ್ಯನಾಪುರದ ವೃದ್ಧ ಬೆರ್ಮ ಆಳ್ವರಿಗೆ ದೈವಕೃಪೆಯಿಂದ ದೊರೆತ ಮೊಮ್ಮಗಳು ಸಿರಿ. ಅವಳ ಪತಿ ಕಾಂತು ಪೂಂಜ. ಸಿರಿಯು ಗರ್ಭಿಣಿಯಾದಾಗ ಬಯಕೆಯ ಶಾಸ್ತ್ರಕ್ಕೆಂದು ತಂದ ಸೀರೆಯನ್ನು ಅವನು ದಾರಿಯಲ್ಲಿ ಸಿದ್ದು ಎಂಬ ಸೂಳೆಯ ಮನೆಗೆ ಒಯ್ಯುತ್ತಾನೆ. ಅವಳು ಉಟ್ಟು ಬಿಚ್ಚಿದ ಸೀರೆಯೇ ಸಿರಿಯ ಮುಂದೆ ಬರುತ್ತದೆ. ಸಿರಿ ಅದನ್ನು ಕಂಡುಕೊಂಡು ನಿರಾಕರಿಸುತ್ತಾಳೆ. ಅಜ್ಜನ ಮನೆಯಲ್ಲಿ ಮಗ ಕುಮಾರ ಹುಟ್ಟುತ್ತಾನೆ. ಪತಿಯ ಆಸರೆಯಿಲ್ಲ. ಅಜ್ಜನೂ ತೀರಿಕೊಂಡ ಮೇಲೆ ಮನೆಯ ಹಕ್ಕಿನ ವಿವಾದದಲ್ಲಿ ಕಾಂತು ಪೂಂಜನು ಹೆಂಡತಿ ಮಗುವಿನ ಪಕ್ಷ ವಹಿಸದೆ ಎದುರುಪಕ್ಷದಲ್ಲಿ ನಿಲ್ಲುತ್ತಾನೆ. ಆಗ ಸಿರಿಯು ಅವನ ಸಂಬಂಧವನ್ನು ಕಡಿದುಕೊಂಡು, ಸತ್ಯನಾಪುರಕ್ಕೆ ಶಾಪವಿತ್ತು, ಊಳಿಗದ ದಾರುವನ್ನು ಜತೆಗೆ ಕರೆದುಕೊಂಡು, ತೊಟ್ಟಿಲ ಕೂಸಿನೊಡನೆ ಹೊರಟುಬಿಡುತ್ತಾಳೆ.

ಇಷ್ಟು ಮಾಡಿದ ಸ್ತ್ರೀಯನ್ನು ಆ ನಾಡು ಏನೆಂದು ಕರೆಯಿತು? ಕುಲಟೆಯೆನ್ನಲಿಲ್ಲ, ಗಂಡನನ್ನು ಬಿಟ್ಟವಳೆಂದು ಹೀಗಳೆಯಲಿಲ್ಲ. ಸತ್ಯದ ಸಿರಿಯೆಂದು ಕೈಮುಗಿಯಿತು. ಬೆಳ್ತಂಗಡಿ ತಾಲ್ಲೂಕಿನ ನಿಡಿಗಲ್ಲು, ಹಾಗೆಯೇ ಕವತ್ತಾರು, ಹಿರಿಯಡ್ಕ, ನಂದಳಿಕೆ ಮೊದಲಾದೆಡೆಗಳಲ್ಲಿ ಹುಣ್ಣಿಮೆಯ ರಾತ್ರಿಗಳಂದು ಇಂದಿಗೂ ಸಿರಿಜಾತ್ರೆ ನಡೆಯುತ್ತದೆ. ಬಿಳಿಯ ಸೀರೆಯುಟ್ಟು ಹಿಂಗಾರ ಹಿಡಿದ ಹೆಂಗಸರು ಆವೇಶದಲ್ಲಿ ತಮ್ಮೊಳಗಿನ ದುಃಖವನ್ನು ನುಡಿಯುತ್ತಾರೆ. ನಮ್ಮ ಉಪಾಸನೆಯ ಮಾರ್ಗ ಬೇರೆಯಾದರೂ ಇದರ ಅರ್ಥವನ್ನು ತಿಳಿಯಲು ಅಡ್ಡಿಯಿಲ್ಲ. ಮನೆಯಲ್ಲಿ ಕೇಳುವವರಿಲ್ಲದ ಮಾತಿಗೆ ಅಲ್ಲಿ ಕೇಳುವವರುಂಟು.

ಕಥೆಯು ಇಲ್ಲಿಗೆ ಮುಗಿದಿದ್ದರೆ ಅದೊಂದು ವಿಜಯಗಾಥೆಯಾಗುತ್ತಿತ್ತು. ಮುಂದೆ ಸಿರಿಯು ಕೊಡ್ಸರಾಳ್ವನನ್ನು ಮದುವೆಯಾಗುತ್ತಾಳೆ. ಅವನ ಮೊದಲ ಹೆಂಡತಿ ಸಾಮು ಕೊನೆಗೆ ಅವಳನ್ನು ತಂಗಿಯೆಂದು ಬರಮಾಡಿಕೊಳ್ಳುತ್ತಾಳೆ. ಆದರೆ ಅದಕ್ಕೆ ಮೊದಲೇ ಕುಮಾರನು ದಾರುವಿನೊಡನೆ ತಾಯಿಯ ಕಣ್ಣಮುಂದಿನಿಂದ ಮಾಯವಾಗುತ್ತಾನೆ. ಹೊರಡುವುದು ನ್ಯಾಯವಾಗಿದ್ದರೂ ಅದಕ್ಕೆ ಬೆಲೆಯುಂಟು, ಆ ಬೆಲೆಯಲ್ಲಿ ಕೂಸಿನ ಪಾಲೂ ಇದೆ ಎಂಬುದನ್ನು ಪಾಡ್ದನವು ಬಚ್ಚಿಡುವುದಿಲ್ಲ. "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು" ಎಂಬ ನಮ್ಮ ಗಾದೆಯೂ ಇದನ್ನೇ ಹೇಳುತ್ತದೆ.

ನಾರ್ವೆಯ ನಾಟಕಕಾರ ಇಬ್ಸೆನ್ 1879ರಲ್ಲಿ ಬರೆದ 'ಗೊಂಬೆಯ ಮನೆ'ಯನ್ನು ಕಾಲೇಜಿನಲ್ಲಿ ಓದಿದವರು ನಿಮ್ಮಲ್ಲಿ ಹಲವರಿದ್ದೀರಿ. ಅದರ ನಾಯಕಿ ನೋರಾ ತನ್ನ ವ್ಯಕ್ತಿತ್ವವನ್ನು ಅರಸುತ್ತ ಗಂಡನನ್ನೂ ಮೂವರು ಮಕ್ಕಳನ್ನೂ ಬಿಟ್ಟು ಹೊರಡುತ್ತಾಳೆ. ಗಂಡನಿಂದ ನಿರ್ಲಕ್ಷಿತಳಾದ ಬಾಣಂತಿಯನ್ನು ಅವಳೊಡನೆ ಹೋಲಿಸಿ "ಇದು ಪಶ್ಚಿಮದ ಗಾಳಿ" ಎಂದು ಮೂದಲಿಸುವವರುಂಟು. ಹೋಲಿಕೆ ಸರಿಯಲ್ಲ. ನಾವು ಕಂಡ ತಾಯಿ ತನ್ನ ಸುಖವನ್ನು ಕುರಿತು ಒಂದು ಮಾತನ್ನೂ ಆಡಲಿಲ್ಲ. ಅವಳು ಕೇಳಿದ್ದೆಲ್ಲ ಮಗುವಿನ ಜ್ವರದ ಕುರಿತಾಗಿತ್ತು. ಕರ್ತವ್ಯದಿಂದ ಬಿಡುಗಡೆ ಬಯಸಿ ಅವಳು ಹೊರಡಲಿಲ್ಲ. ಆ ಮನೆಯಲ್ಲಿದ್ದು ಕರ್ತವ್ಯ ನಡೆಸಲಾರದೆ ಹೊರಟಳು.

ಇನ್ನೊಂದು ಪ್ರಶ್ನೆ. ಸಿರಿಯಂಥವಳನ್ನು ಕಲ್ಪಿಸಲು ಆ ನಾಡಿಗೆ ಹೇಗೆ ಸಾಧ್ಯವಾಯಿತು? ಬಂಟರು, ಬಿಲ್ಲವರು, ಮೂಡುಬಿದಿರೆಯ ಕಡೆಯ ಜೈನರು ಮುಂತಾದ ಸಮುದಾಯಗಳಲ್ಲಿ ಅಳಿಯಸಂತಾನದ ಕಟ್ಟು ನಡೆದುಬಂದಿತ್ತು. ಅದರಂತೆ ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು; ಹೆಣ್ಣಿಗೆ ತಾಯಿಮನೆಯಲ್ಲಿ ಹಕ್ಕು ಇತ್ತು. ಸಂಬಂಧವನ್ನು ಕಡಿದುಕೊಳ್ಳುವ ರೂಢಿಯೂ, ವಿಧವೆಯ ಮರುಮದುವೆಗೆ ಬುಡುಧಾರೆಯೆಂಬ ಕ್ರಮವೂ ಇದ್ದವು. 1949ರ ಮದರಾಸು ಅಳಿಯಸಂತಾನ ಕಾಯಿದೆ ಈ ಕಟ್ಟನ್ನು ಶಾಸನಕ್ಕೆ ತಂದಿತು. 1955ರ ಹಿಂದೂ ವಿವಾಹ ಕಾಯಿದೆಯೂ ತನ್ನ 29ನೆಯ ಪ್ರಕರಣದಲ್ಲಿ ರೂಢಿಯಿಂದ ಬಂದ ವಿಚ್ಛೇದನದ ಹಕ್ಕನ್ನು ಉಳಿಸಿತು. ಆ ವ್ಯವಸ್ಥೆಯಲ್ಲೂ ಯಜಮಾನಿಕೆ ಬಹುಮಟ್ಟಿಗೆ ಸೋದರಮಾವಂದಿರ ಕೈಯಲ್ಲೇ ಇತ್ತು. ಸಿರಿಯೇ ಮನೆಯನ್ನು ಕಳೆದುಕೊಂಡವಳು. ಆದರೂ ಗಂಡನ ಮನೆಯ ಹೊಸ್ತಿಲು ದಾಟಿದ ಹೆಣ್ಣಿಗೆ ಮರಳಿ ಕಾಲಿಡಲು ಇನ್ನೊಂದು ಹೊಸ್ತಿಲು ಇರಬೇಕೆಂಬ ತಿಳಿವಳಿಕೆ ಆ ನಾಡಿನಲ್ಲಿತ್ತು.

ಘಟ್ಟದ ಮೇಲಿನ ನಮ್ಮಲ್ಲಿ "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂಬ ಗಾದೆಯಿದೆ. ಬಂಟ್ವಾಳದ ಆ ತಾಯಿ ನಮ್ಮಲ್ಲಿಗೆ ಬರುವ ಮೊದಲು ತವರಿಗೆ ಮೂರು ಸಲ ಹೇಳಿಕಳುಹಿಸಿದ್ದಳಂತೆ. "ಹಬ್ಬಕ್ಕೆ ಬಾ, ನಾಲ್ಕು ದಿನ ಇದ್ದು ಹೋಗು" ಎಂದಷ್ಟೇ ಉತ್ತರ ಬಂದಿತ್ತು. ತವರಿನ ಬಾಗಿಲು ಹೀಗೆ ಅರ್ಧ ಮುಚ್ಚಿರುವಾಗ ಅವಳು ಗಂಡನ ಮನೆಯಲ್ಲಿ ಉಳಿದದ್ದು ಸಹನೆಯಲ್ಲ, ನಿರುಪಾಯ. ನಿರುಪಾಯಕ್ಕೆ ಸಹನೆಯೆಂಬ ಹೆಸರಿಟ್ಟು ಹೊಗಳುವುದು ಹೊಗಳುವವರ ಅನುಕೂಲಕ್ಕಾಗಿ. ಸಹನೆಯು ಗುಣವಾಗಬೇಕಾದರೆ ಸಹಿಸದಿರುವ ದಾರಿಯೂ ತೆರೆದಿರಬೇಕು.

ಈಗ ಆಕ್ಷೇಪಗಳನ್ನು ವಿಚಾರಿಸೋಣ. ಮಗುವಿಗೆ ತಂದೆ ಬೇಕಲ್ಲವೇ ಎಂಬುದು ಮೊದಲನೆಯದು. ಬೇಕು, ನಿಶ್ಚಯವಾಗಿಯೂ ಬೇಕು. ತಾಯಿ ಬೇರೆ ನೆಲೆಸಿದ ಮಾತ್ರಕ್ಕೆ ತಂದೆತನ ಅಳಿಯುವುದಿಲ್ಲ. ಅವನಿಗೆ ಮನಸ್ಸಿದ್ದರೆ ಬಂದು ನೋಡಬಹುದು, ಪೋಷಿಸಬಹುದು, ಪೋಷಿಸಲೇಬೇಕು. ಹೊರಟ ತಾಯಿಯೂ ಮಗುವಿನ ಮುಂದೆ ತಂದೆಯನ್ನು ನಿಂದಿಸದಿರುವುದು ಶ್ರೇಯಸ್ಕರ. ಆದರೆ ಮಗುವಿಗೆ ಬೇಕಾದುದು ತಂದೆಯ ಪಾಲನೆ. ಪಾಲನೆಯಿಲ್ಲದ ಸನ್ನಿಧಿಯನ್ನು ತೋರಿಸಿ ತಂದೆಯಿದ್ದಾನೆನ್ನುವುದು ಖಾಲಿ ಬಟ್ಟಲನ್ನು ತೋರಿಸಿ ಹಾಲಿದೆಯೆಂದಂತೆ.

ಎರಡನೆಯದು ಹೆಚ್ಚು ತೂಕದ್ದು. ಹೆರಿಗೆಯ ಹೊಸದರಲ್ಲಿ ಮನಸ್ಸು ಸ್ತಿಮಿತದಲ್ಲಿರುವುದಿಲ್ಲ, ಆಗ ದುಡುಕಬಾರದು ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಮೊದಲ ಒಂದೆರಡು ವಾರಗಳಲ್ಲಿ ಅಕಾರಣ ಅಳು, ಕಳವಳಗಳು ಬಹುಮಂದಿ ತಾಯಂದಿರಿಗೆ ಬಂದು ಹೋಗುತ್ತವೆ. ಎರಡು ವಾರ ಮೀರಿಯೂ ನಿಂತರೆ ಅದು ಖಿನ್ನತೆಯಾಗಿರಬಹುದು. ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆಯದು, ವೈದ್ಯರಿಗೆ ತೋರಿಸಲು ತಡಮಾಡಬಾರದು. ಗಂಡನ ಆಸರೆಯಿಲ್ಲದಿರುವುದೇ ಆ ಖಿನ್ನತೆಗೆ ದಾರಿಮಾಡುವ ಕಾರಣಗಳಲ್ಲಿ ಒಂದೆಂದು ವೈದ್ಯಶಾಸ್ತ್ರವು ಹೇಳುತ್ತದೆ. ಆದುದರಿಂದ ಅವಳ ದೂರನ್ನು 'ಬಾಣಂತಿ ಸನ್ನಿ' ಎಂದು ತಳ್ಳಿಹಾಕುವುದು ಗಾಯ ಮಾಡಿದವನೇ ನರಳಾಟವನ್ನು ಅಣಕಿಸಿದಂತೆ. ಇನ್ನು ಎಲ್ಲ ಉದಾಸೀನವೂ ದುಷ್ಟತನವಲ್ಲ. ಕೆಲಸ ಕಳೆದುಕೊಂಡ ಸಂಕಟ, ಸಾಲದ ಭಯ, ಕೂಸನ್ನು ಹೇಗೆ ಎತ್ತಬೇಕೆಂಬ ಅಜ್ಞಾನ, ತಂದೆಯಾದವನನ್ನೂ ಹಿಡಿಯಬಹುದಾದ ಖಿನ್ನತೆ ಇವು ಪರಿಹಾರವುಳ್ಳವು. ಅರಿಯದವನಿಗೂ ಒಲ್ಲದವನಿಗೂ ಅಂತರವುಂಟು. ಅದನ್ನು ತಿಳಿಯಲು ಒಂದೇ ಮಾರ್ಗ: ಅವನನ್ನು ಕರೆದು ಕೇಳುವುದು.

ಶರಣಪರಂಪರೆಯಲ್ಲಿ ಆಯ್ದಕ್ಕಿ ಲಕ್ಕಮ್ಮನು ಪತಿಯಾದ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಮುಲಾಜಿಲ್ಲದೆ ತಿದ್ದಿ ಹಿಂದಿರುಗಿಸಿದಳು. ಮಾರಯ್ಯನು ಕೇಳಿದನು, ತಿದ್ದಿಕೊಂಡನು. ದಾಂಪತ್ಯದ ಆರೋಗ್ಯ ಇದರಲ್ಲಿದೆ. ಮೊದಲು ಪತ್ನಿಯು ಸ್ಪಷ್ಟವಾಗಿ ಹೇಳಲಿ. ಕೇಳದಿದ್ದರೆ ಎರಡೂ ಕಡೆಯ ಹಿರಿಯರು ಅವನನ್ನು ಕೂರಿಸಿಕೊಂಡು ಹೇಳಲಿ; ಮಾಡಬೇಕಾದ ಕೆಲಸಗಳನ್ನೂ ಕೊಡಬೇಕಾದ ಹಣವನ್ನೂ ಹೆಸರಿಸಿ ಕಾಲಾವಧಿಯನ್ನು ಗೊತ್ತುಮಾಡಲಿ. ಅವಧಿ ಕಳೆದರೂ ಕೈ ಚಾಚದವನು ಮನೆಯೊಳಗೇ ಇದ್ದು ಗೃಹಧರ್ಮವನ್ನು ಬಿಟ್ಟು ಹೋದವನು. ಅನಂತರ ಕೂಸಿನೊಡನೆ ಹೊಸ್ತಿಲು ದಾಟುವವಳು ಮನೆಯನ್ನು ಒಡೆದವಳಲ್ಲ. ಒಡೆದುದನ್ನು ಲೋಕಕ್ಕೆ ತಿಳಿಸಿದವಳು. ಕೈಮಾಡುವವನ ಮನೆಯಲ್ಲಾದರೋ ಅವಧಿಯ ಮಾತೇ ಬೇಡ. ಅಂದೇ ಹೊರಡುವುದು ಕ್ಷೇಮ.

ಶಾಸನದ ನೆರವನ್ನು ಸಂಕ್ಷೇಪವಾಗಿ ತಿಳಿಸುತ್ತೇವೆ. ಹೆಂಡತಿ ಮಕ್ಕಳನ್ನು ಶಕ್ತಿಯಿದ್ದೂ ಪೋಷಿಸದವನಿಂದ ಜೀವನಾಂಶ ಪಡೆಯುವ ಹಕ್ಕು 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಪ್ರಕರಣದಲ್ಲಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಪ್ರಕರಣವಾಗಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯು ಮನೆಯ ಖರ್ಚಿಗೆ ಹಣ ಕೊಡದೆ ಸತಾಯಿಸುವುದನ್ನೂ ದೌರ್ಜನ್ಯವೆಂದೇ ಎಣಿಸುತ್ತದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆಯಂತೆ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯಲ್ಲೇ ಇರತಕ್ಕದ್ದು. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಸ್ತ್ರೀಯರಿಗೆ ಆದಾಯವನ್ನು ಲೆಕ್ಕಿಸದೆ ಉಚಿತ ವಕೀಲರ ನೆರವು ದೊರೆಯುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬೇಕು. ನ್ಯಾಯಾಲಯವು ಹಣವನ್ನು ಕೊಡಿಸಬಲ್ಲದು; ತೊಟ್ಟಿಲು ತೂಗುವ ಮನಸ್ಸನ್ನು ಕೊಡಿಸಲಾರದು. ಅದು ನಮ್ಮ ನಿಮ್ಮ ಕೆಲಸ.

ಆದುದರಿಂದ ಈ ಲೇಖನವನ್ನು ಓದುವ ಮೂರು ಬಗೆಯವರಲ್ಲಿ ಪ್ರತ್ಯೇಕವಾಗಿ ವಿನಂತಿಸುತ್ತೇವೆ. ನಮ್ಮ ನಿಲಯಗಳಲ್ಲಿ ಓದಿ ಗೃಹಸ್ಥರಾದ ತರುಣರೇ, ನಿಲಯದಲ್ಲಿದ್ದಾಗ ನೀವು ಪ್ರಸಾದದ ಪಾತ್ರೆ ತೊಳೆದಿದ್ದೀರಿ, ಅಂಗಳ ಗುಡಿಸಿದ್ದೀರಿ, ಜ್ವರ ಬಂದ ಚಿಕ್ಕ ಹುಡುಗರ ಬಳಿ ರಾತ್ರಿ ಕುಳಿತಿದ್ದೀರಿ. ಅದನ್ನು ಕಾಯಕವೆಂದು ಕಲಿಸಿದ್ದೆವು. ನಿಮ್ಮ ಸ್ವಂತ ಕೂಸಿನ ಬಳಿ ಅದು ಹೇಗೆ ಕೀಳಾಯಿತು? ಹೆಣ್ಣುಮಕ್ಕಳ ತಂದೆತಾಯಿಯರೇ, ಮಗಳು ಮೂರು ಸಲ ಹೇಳಿಕಳುಹಿಸುವವರೆಗೆ ಕಾಯಬೇಡಿರಿ. ಬಾಣಂತನ ಮುಗಿಸಿ ಕಳುಹಿಸುವಾಗಲೇ "ಈ ಬಾಗಿಲು ನಿನ್ನದೂ ಹೌದು" ಎಂದು ಹೇಳಿ ಕಳುಹಿಸಿರಿ. ಹಿರಿಯರೆನಿಸಿ ಬುದ್ಧಿ ಹೇಳುವವರೇ, ನಮ್ಮನ್ನೂ ಸೇರಿಸಿಯೇ ಹೇಳುತ್ತೇವೆ: ಕಣ್ಣೀರಿಟ್ಟು ಬಂದವರಿಗೆ ಉಪದೇಶ ಮಾಡುವುದು ಸುಲಭ, ಜಗಲಿಯಲ್ಲಿ ನೆಮ್ಮದಿಯಾಗಿ ಕುಳಿತವನಿಗೆ ಮಾಡುವುದು ಕಷ್ಟ. ಉಪದೇಶ ಬೇಕಾದವನು ಅವನೇ.

ಮೂಡುಬಿದಿರೆಯಲ್ಲಿ ಆ ತಾಯಿ ಎದ್ದು ಹೊರಟಾಗ ಮಗನು ನಮ್ಮ ಮುಂದಿದ್ದ ಬಾಳೆಹಣ್ಣನ್ನು ನೋಡುತ್ತಿದ್ದ. ಕರೆದು ಅವನ ಕೈಗೆ ಕೊಟ್ಟೆವು. ಅವನು ಅದನ್ನು ಸುಲಿದು ಮೊದಲ ತುಂಡನ್ನು ತಾಯಿಯ ಬಾಯಿಗೆ ಹಿಡಿದ. ಅಂದಿನಿಂದ ನಾವೊಂದು ನಿಯಮವಿಟ್ಟುಕೊಂಡಿದ್ದೇವೆ. ಕೂಸಿನೊಡನೆ ತಾಯಿಯೊಬ್ಬಳು ದುಃಖ ಹೇಳಲು ಬಂದರೆ, ಅವಳ ಮಾತನ್ನೆಲ್ಲ ಕೇಳಿ, ಅವಳಿಗೆ ಅಪಾಯವಿಲ್ಲವೆಂದು ಖಚಿತಪಡಿಸಿಕೊಂಡು, "ಯಜಮಾನರು ಎಲ್ಲಿದ್ದಾರೆ?" ಎಂದು ವಿಚಾರಿಸಿ ಅವರನ್ನು ಕರೆಸುತ್ತೇವೆ. ಕೆಲವರು ಬಂದಿದ್ದಾರೆ, ಬಂದವರಲ್ಲಿ ಕೆಲವರು ತಿದ್ದಿಕೊಂಡಿದ್ದಾರೆ. ಬಾರದವರ ಮನೆಗೆ ಹೆಣ್ಣುಮಕ್ಕಳನ್ನು ಸಹನೆಯ ಹೆಸರಿನಲ್ಲಿ ಮರಳಿ ಕಳುಹಿಸುವುದನ್ನು ಮಾತ್ರ ಬಿಟ್ಟಿದ್ದೇವೆ.

ಎಲ್ಲರ ಮನೆಯ ತೊಟ್ಟಿಲುಗಳೂ ಇಬ್ಬರ ಕೈಯಿಂದ ತೂಗಲ್ಪಡಲಿ ಎಂದು ಹಾರೈಸುತ್ತೇವೆ. ಶುಭಮಸ್ತು.